ಕಾಸಿಗೆ ತಕ್ಕ ಕಜ್ಜಾಯ: 1933ರ ಒಂದು ಅಗ್ಗದ ಕೌಬಾಯ್ ಸಿನಿಮಾ ಯಾಕೆ ಹಾಗಿದೆ

ಜಾನ್ ವೇನ್ ಹೆಸರು ಕೇಳಿರ್ತೀರ. ಅವನು 1933ರಲ್ಲಿ ಮಾಡಿದ ‘ರೈಡರ್ಸ್ ಆಫ್ ಡೆಸ್ಟಿನಿ’ ಅನ್ನೋ ಸಿನಿಮಾ ಯೂಟ್ಯೂಬಲ್ಲಿ ಪುಕ್ಕಟೆ ಸಿಗತ್ತೆ, ಪೂರ್ತಿ ನೋಡಿದ್ರೂ ಒಂದು ಗಂಟೆ ಆಗಲ್ಲ, ಆದ್ರೆ ನೋಡೋಕೆ ಕೂತ ಹತ್ತು ನಿಮಿಷಕ್ಕೆಲ್ಲ ಏನೋ ಒಂಥರಾ ಅನ್ಸೋಕೆ ಶುರುವಾಗತ್ತೆ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೇ ಇಲ್ಲ. ಮಾತಾಡೋರು ಗೂಟ ಹೊಡೆದಂಗೆ ಒಂದು ಕಡೆ ನಿಂತ್ಕೊಂಡು ಒಬ್ಬರಾದ ಮೇಲೆ ಒಬ್ಬರು ಮಾತಾಡ್ತಾರೆ, ಮಾತು ಮುಗಿದ ಕೂಡ್ಲೇ ಕುದುರೆ ಹತ್ತಿ ದೌಡು, ಆ ದೌಡು ಮುಗಿಯೋದೇ ಇಲ್ಲ. ಬೆಟ್ಟ ಅದೇ, ದಾರಿ ಅದೇ, ರೌಡಿಗಳ ಮುಖಾನೂ ಅವೇ. ಕಳಪೆ ಸಿನಿಮಾ ಅಂತ ಮುಚ್ಚಿಬಿಡೋರೇ ಜಾಸ್ತಿ.

ಕಳಪೆ ಅಲ್ಲ ಅಂತ ವಾದ ಮಾಡೋಕೆ ನಾನು ಬಂದಿಲ್ಲ. ಅಗ್ಗದ್ದಂತೂ ಹೌದು. ಆದ್ರೆ ಇದರಲ್ಲಿ ವಿಚಿತ್ರ ಅನ್ಸೋ ಒಂದೊಂದಕ್ಕೂ ಒಂದು ಕಾರಣ ಇದೆ, ಆ ಕಾರಣ ಡೈರೆಕ್ಟರ್ ದಡ್ಡತನ ಅಲ್ಲ. ಒಂದು ಕಡೆ ದುಡ್ಡು, ಇನ್ನೊಂದು ಕಡೆ ಆಗಷ್ಟೇ ಬಂದಿದ್ದ ಸೌಂಡ್ ಅನ್ನೋ ಹೊಸ ತಲೆನೋವು, ಈ ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡು ತಯಾರಾದ ಸಿನಿಮಾ ಇದು, ಅವೆರಡನ್ನ ಬಿಡಿಸಿಟ್ರೆ ಇಡೀ ಸಿನಿಮಾ ಬೇರೆ ತರಾನೇ ಕಾಣತ್ತೆ.

ಮೊದಲು ಕಥೆ ಹೇಳ್ಬಿಡ್ತೀನಿ, ಸ್ಪಾಯ್ಲರ್ ಅಂತ ಬೈಕೋಬೇಡಿ, ತೊಂಬತ್ತು ವರ್ಷ ಆಗಿದೆ. ಸ್ಯಾಂಡಿ ಸಾಂಡರ್ಸ್ ಅಂತ ಒಬ್ಬ, ಬಿಳಿ ಕುದುರೆ ಮೇಲೆ ಗಿಟಾರ್ ಬಾರಿಸ್ಕೊಂಡು ಹಾಡ್ಕೊಂಡು ಬರ್ತಾನೆ, ದಾರೀಲಿ ಒಂದು ಸ್ಟೇಜ್‌ಕೋಚ್ (ಜನ ಓಡಾಡೋ ಬಾಡಿಗೆ ಕುದುರೆಗಾಡಿ) ದರೋಡೆ ನೋಡ್ತಾನೆ, ದರೋಡೆ ಮಾಡಿದ್ದು ಒಬ್ಳು ಹುಡುಗಿ, ಫೇ ಡೆಂಟನ್, ಅವಳೇನು ಕಳ್ಳಿ ಅಲ್ಲ, ತಮ್ಮಿಂದ ಕಿತ್ಕೊಂಡಿದ್ದ ದುಡ್ಡನ್ನೇ ವಾಪಸ್ ಪಡೆಯೋಕೆ ಹೊರಟಿರ್ತಾಳೆ. ಕಿತ್ಕೊಂಡೋನು ಕಿಂಕೇಡ್. ಆ ಕಣಿವೆಯ ನೀರೆಲ್ಲ ಅವನ ಮುಷ್ಟೀಲಿ, ರೈತರು ಕೇಳಿದಷ್ಟು ಕೊಡಬೇಕು ಇಲ್ಲಾಂದ್ರೆ ಜಮೀನು ಮಾರಿ ಹೋಗ್ತಾ ಇರಬೇಕು. ಇವನ ಹಿಡಿತಕ್ಕೆ ಸಿಗದೇ ಉಳಿದಿರೋದು ಫೇ ಅಪ್ಪ ಡೆಂಟನ್ನಿನ ಬಾವಿ. ಸ್ಯಾಂಡಿ ಅಸಲಿಗೆ ವಾಷಿಂಗ್ಟನ್ನಿಂದ ಬಂದ ಸರ್ಕಾರದ ಗುಪ್ತ ಏಜೆಂಟ್. ಕೊನೇಗೆ ಕಿಂಕೇಡ್ ಕಡೆಯೋರು ಆ ಬಾವಿಗೂ ಡೈನಮೈಟ್ ಇಟ್ಟು ಹಾರಿಸ್ತಾರೆ, ಬಾವಿ ಹಾಳಾಗತ್ತೆ ಅಂದ್ಕೊಂಡ್ರೆ ನೆಲದ ಕೆಳಗಿದ್ದ ನೀರೆಲ್ಲ ಉಕ್ಕಿ ಹೊಳೆಯಾಗಿ ಕಣಿವೆಗೆ ಹರಿಯತ್ತೆ. ಇಷ್ಟೇ. ಡೈರೆಕ್ಟ್ ಮಾಡಿದ್ದು ರಾಬರ್ಟ್ ಎನ್. ಬ್ರಾಡ್‌ಬರಿ, ಪ್ರೊಡ್ಯೂಸರ್ ಪಾಲ್ ಮಾಲ್ವರ್ನ್, ಕಂಪನಿ ಲೋನ್ ಸ್ಟಾರ್, ರಿಲೀಸ್ ಮಾಡಿದ್ದು ಮೊನೊಗ್ರಾಮ್. 1933ರ ಅಕ್ಟೋಬರಲ್ಲಿ ಬಂತು. ಇದೇ ಲೋನ್ ಸ್ಟಾರ್ ಹೆಸರಲ್ಲಿ 1935ರ ಹೊತ್ತಿಗೆ ವೇನ್ ಒಟ್ಟು 16 ಸಿನಿಮಾ ಮಾಡಿದ, ಅದರಲ್ಲಿ ಇದು ಮೊದಲನೇದು.

ಹದಿನಾರು ಸಿನಿಮಾ, ಎರಡೇ ವರ್ಷದಲ್ಲಿ. ಅದು ಹೇಗೆ ಸಾಧ್ಯ ಅನ್ನೋದಕ್ಕೆ ಮೊದಲು ವೇನ್ ಇಲ್ಲಿಗೆ ಬಂದು ಬಿದ್ದಿದ್ದು ಹೇಗೆ ಅಂತ ನೋಡ್ಬೇಕು. 1930ರಲ್ಲಿ ಫಾಕ್ಸ್ ಸ್ಟುಡಿಯೋ ‘ದ ಬಿಗ್ ಟ್ರೈಲ್’ ಅಂತ ಭರ್ಜರಿ ವೆಸ್ಟರ್ನ್, ಅಂದ್ರೆ ಕೌಬಾಯ್ ಸಿನಿಮಾ, ತೆಗೀತು, ಡೈರೆಕ್ಟರ್ ರೌಲ್ ವಾಲ್ಷ್, ಹೀರೋ ಈ ಹೊಸ ಹುಡುಗ, ಆಗ ಅವನಿಗಿನ್ನೂ 23. ಮಾಮೂಲಿ 35 ಎಂಎಂ ಸಾಲದು ಅಂತ ಗ್ರ್ಯಾಂಡರ್ ಅನ್ನೋ 70 ಎಂಎಂ ಫಿಲ್ಮಲ್ಲೂ ಶೂಟ್ ಮಾಡಿದ್ರು. ಆದ್ರೆ 70 ಎಂಎಂ ತೋರಿಸೋಕೆ ಬೇರೆ ಪ್ರೊಜೆಕ್ಟರ್ ಬೇಕು, ಬೇರೆ ಸ್ಕ್ರೀನ್ ಬೇಕು, ಥಿಯೇಟರ್ ಮಾಲೀಕರು ಆಗಷ್ಟೇ ಸೌಂಡ್ ಮೆಷಿನ್ ಹಾಕ್ಸೋಕೆ ಸಾಲ ಮಾಡಿ ಕೂತಿದ್ರು, 1929ರ ಅಕ್ಟೋಬರಲ್ಲಿ ಷೇರುಪೇಟೆ ಬಿದ್ದು ಊರಿಗೆ ಊರೇ ದಿವಾಳಿ ಆಗ್ತಿತ್ತು, ಇನ್ನೊಂದು ಮೆಷಿನ್ ಯಾರು ತಗೋತಾರೆ? ಸಿನಿಮಾ ಮಕಾಡೆ ಮಲಗ್ತು. ಫಾಕ್ಸ್ ಚೆನ್ನಾಗೇ ಕೈ ಸುಟ್ಕೊಳ್ತು, ದೊಡ್ಡ ಸ್ಟುಡಿಯೋಗಳು ದುಬಾರಿ ವೆಸ್ಟರ್ನ್ ಅಂದ್ರೆ ಹಿಂದೆ ಸರಿಯೋ ಹಾಗಾಯ್ತು, ವೇನ್ ಸೀದಾ ಚಿಕ್ಕ ಕಂಪನಿಗಳ ಬಾಗಿಲಿಗೆ ಬಂದ.

ವೇನ್ ಬಂದು ಸೇರಿದ ಆ ಲೋಕಕ್ಕೆ ಹಾಲಿವುಡ್‌ನಲ್ಲಿ ಪಾವರ್ಟಿ ರೋ ಅಂತಿದ್ರು, ಬಡವರ ಬೀದಿ ಅನ್ಕೊಳ್ಳಿ. ಸನ್‌ಸೆಟ್ ಬುಲೆವಾರ್ಡು, ಗೋವರ್ ಸ್ಟ್ರೀಟು ಸೇರೋ ಜಾಗದ ಸುತ್ತಮುತ್ತ ಇಂಥ ಪುಟ್ಟಪುಟ್ಟ ಕಂಪನಿಗಳಿದ್ವು. ಅದೇ ಮೂಲೇಲಿ ನಿಜವಾದ ಕೌಬಾಯ್‌ಗಳು, ಅಂದ್ರೆ ದನ ಕಾಯೋ ಕೆಲಸ ಹೋಗಿ ಹೊಟ್ಟೆಪಾಡಿಗೆ ಸಿನಿಮಾ ಕಡೆ ಬಂದಿದ್ದೋರು, ಬೂಟು ಟೋಪಿ ಸಮೇತ ನಿಂತಿರ್ತಿದ್ರು, ಯಾರಾದ್ರೂ ಬಂದು ಇವತ್ತು ಕುದುರೆ ಓಡಿಸೋಕೆ ಜನ ಬೇಕು ಅಂತ ಕರೀಲಿ ಅಂತ. ಆ ಮೂಲೆಗೆ ಗೋವರ್ ಗಲ್ಚ್ ಅಂತಾನೇ ಹೆಸರು ಬಿತ್ತು.

ಈಗ ದುಡ್ಡಿನ ವಿಷಯ. ಇದು ಅರ್ಥ ಆಗದೆ ಬೇರೇದು ಅರ್ಥ ಆಗಲ್ಲ. ದೊಡ್ಡ ಸ್ಟುಡಿಯೋದ ದೊಡ್ಡ ಸಿನಿಮಾ ಥಿಯೇಟರಿಗೆ ಹೋಗ್ತಿದ್ದಿದ್ದು ಪರ್ಸೆಂಟೇಜ್ ಮೇಲೆ, ಜನ ಜಾಸ್ತಿ ಬಂದ್ರೆ ಸ್ಟುಡಿಯೋಗೂ ಜಾಸ್ತಿ. ಈ ಚಿಕ್ಕ ಸಿನಿಮಾಗಳಿಗೆ ಆ ಭಾಗ್ಯ ಇಲ್ಲ, ಇಷ್ಟು ದಿನಕ್ಕೆ ಇಷ್ಟು ಬಾಡಿಗೆ ಅಂತ ಫಿಕ್ಸ್. ಹೌಸ್‌ಫುಲ್ ಆಗ್ಲಿ ಖಾಲಿ ಹೊಡೀಲಿ, ಪ್ರೊಡ್ಯೂಸರಿಗೆ ಬರೋದು ಅಷ್ಟೇ. ಎಷ್ಟೋ ಸಣ್ಣ ಕಂಪನಿಗಳಿಗೆ ದೇಶದ ತುಂಬ ಸ್ವಂತ ಆಫೀಸ್ ಇಡೋ ತಾಕತ್ತೂ ಇರಲಿಲ್ಲ, ಹಾಗಾಗಿ ಒಂದೊಂದು ರಾಜ್ಯ ಅಥವಾ ನಾಲ್ಕೈದು ರಾಜ್ಯ ಸೇರಿಸಿ ಒಬ್ಬೊಬ್ಬ ಡಿಸ್ಟ್ರಿಬ್ಯೂಟರಿಗೆ ಔಟ್‌ರೈಟ್ ಮಾರಿಬಿಡೋದು, ಗಾಂಧಿನಗರದಲ್ಲಿ ಬಿಕೆಟಿ (ಬೆಂಗಳೂರು, ಕೋಲಾರ, ತುಮಕೂರು) ಏರಿಯಾ ಇಂಥೋರಿಗೆ, ಹೈದರಾಬಾದ್ ಕರ್ನಾಟಕ ಇಂಥೋರಿಗೆ ಅಂತ ಮಾರ್ತಾರಲ್ಲ, ಆ ತರ. ಹಾಗೆ ಮಾರಿದ ಮೇಲೆ ಅವನು ಅದನ್ನ ಎಷ್ಟು ಓಡಿಸಿದ್ರೂ ಇವರಿಗೆ ಒಂದು ಸೆಂಟೂ ಇಲ್ಲ.

ಇದರ ಅರ್ಥ ಏನಾಯ್ತು ನೋಡಿ. ಸಿನಿಮಾ ಚೆನ್ನಾಗಿ ಮಾಡಿದ್ರೆ ಜಾಸ್ತಿ ದುಡ್ಡು ಬರಲ್ಲ. ಕೆಟ್ಟದಾಗಿ ಮಾಡಿದ್ರೆ ಕಮ್ಮೀನೂ ಆಗಲ್ಲ, ತೀರಾ ಕೆಟ್ಟದಾದ್ರೆ ಮುಂದಿನ ಸಿನಿಮಾ ಯಾರೂ ತಗೊಳ್ಳಲ್ಲ ಅಷ್ಟೇ. ಬರೋ ದುಡ್ಡು ಮೊದ್ಲೇ ಗೊತ್ತು, ಹಾಗಿರೋವಾಗ ಲಾಭ ಮಾಡೋಕೆ ಒಂದೇ ದಾರಿ, ಖರ್ಚು ಕಮ್ಮಿ ಮಾಡೋದು. ಲೋನ್ ಸ್ಟಾರ್ ಸಿನಿಮಾಗಳಿಗೆ ಹತ್ತರಿಂದ ಹದಿನೈದು ಸಾವಿರ ಡಾಲರ್ ಬಜೆಟ್ ಅಂತ ಸಾಮಾನ್ಯವಾಗಿ ಲೆಕ್ಕ ಹೇಳ್ತಾರೆ, ಶೂಟಿಂಗ್ ಒಂದು ವಾರಾನೂ ಇಲ್ಲ, ಐದಾರು ದಿನದಲ್ಲಿ ಖತಂ. ಅದೇ 1933ರಲ್ಲಿ ಬಂದ ‘ಕಿಂಗ್ ಕಾಂಗ್’ಗೆ ಆಗಿದ್ದು ಸುಮಾರು 6,70,000 ಡಾಲರ್. ಒಂದು ಗೊರಿಲ್ಲಾ ದುಡ್ಡಲ್ಲಿ ನಲವತ್ತಕ್ಕಿಂತ ಹೆಚ್ಚು ಕೌಬಾಯ್ ಸಿನಿಮಾ!

ಇಂಥ ಸಿನಿಮಾ ನೋಡೋರು ಯಾರಿದ್ರು ಅಂದ್ರೆ, ತುಂಬಾ ಜನ ಇದ್ರು. ಆರ್ಥಿಕ ಕುಸಿತದ ಕಾಲ, ಜನ ಟಿಕೆಟಿಗೆ ದುಡ್ಡು ಬಿಚ್ಚೋಕೆ ಹಿಂದೆಮುಂದೆ ನೋಡ್ತಿದ್ರು, ಥಿಯೇಟರಿನವರು ಏನೇನೋ ಸರ್ಕಸ್ ಮಾಡ್ತಿದ್ರು, ಟಿಕೆಟ್ ತಗೊಂಡ್ರೆ ಪಿಂಗಾಣಿ ತಟ್ಟೆ ಫ್ರೀ ಅಂತ ಡಿಶ್ ನೈಟ್ ಮಾಡ್ತಿದ್ರು, ಪ್ರತಿ ವಾರ ಬಂದ್ರೆ ಮನೆಗೆ ಒಂದು ಪೂರ್ತಿ ಸೆಟ್ ಆಗತ್ತೆ ಅಂತ ಆಸೆ ತೋರಿಸೋದು. ಹಾಗೇನೇ ಒಂದು ಟಿಕೆಟಿಗೆ ಎರಡು ಸಿನಿಮಾ. ಮೊದಲನೇದು ದೊಡ್ಡ ಸ್ಟಾರ್ ಸಿನಿಮಾ, ಜೊತೆಗೆ ಎರಡನೇದು ಒಂದು ಗಂಟೆಯೊಳಗಿನ ಅಗ್ಗದ್ದು, ಅದನ್ನೇ ಬಿ ಸಿನಿಮಾ ಅನ್ನೋದು. ಚಿಕ್ಕ ಊರುಗಳಲ್ಲಿ ವಾರಕ್ಕೆ ಎರಡು ಮೂರು ಸಲ ಸಿನಿಮಾ ಬದಲಾಯಿಸ್ತಿದ್ರು, ಶನಿವಾರ ಮಧ್ಯಾಹ್ನ ಮಕ್ಕಳ ಶೋ ಬೇರೆ, ಹತ್ತು ಸೆಂಟ್ ಹಿಡ್ಕೊಂಡು ಬರೋ ಹುಡುಗರಿಗೆ ಕುದುರೆ ಬೇಕು, ಗುಂಡು ಬೇಕು, ಮುತ್ತು ಕೊಡೋ ಸೀನ್ ಬೇಡ. ವರ್ಷಪೂರ್ತಿ ಇಷ್ಟೆಲ್ಲ ಹೊಟ್ಟೆ ತುಂಬ್ಸೋಕೆ ದೊಡ್ಡ ಸ್ಟುಡಿಯೋಗಳ ಸಿನಿಮಾ ಸಾಲ್ತಿರಲಿಲ್ಲ, ಆ ಗ್ಯಾಪಲ್ಲಿ ಮೊನೊಗ್ರಾಮ್ ತರದೋರು ಬದುಕ್ತಿದ್ರು.

ಈಗ ಸೌಂಡಿಗೆ ಬರೋಣ, ನನಗೆ ಈ ಸಿನಿಮಾದಲ್ಲಿ ಅತೀ ಇಂಟರೆಸ್ಟಿಂಗ್ ಅನ್ಸೋದು ಇದೇ. 1927ರಲ್ಲಿ ‘ದ ಜಾಝ್ ಸಿಂಗರ್’ ಬಂದು ಮಾತಾಡೋ ಸಿನಿಮಾ ಹುಚ್ಚು ಹಿಡಿದಾಗ ವೆಸ್ಟರ್ನ್ ಕಥೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡ್ರು. ಯಾಕಂದ್ರೆ ಆಗಿನ ಕ್ಯಾಮೆರಾ ಗರಗರ ಅಂತ ಸದ್ದು ಮಾಡೋದು, ಆ ಸದ್ದೇ ಮೈಕಲ್ಲಿ ರೆಕಾರ್ಡ್ ಆಗೋದು, ಅದಕ್ಕೆ ಕ್ಯಾಮೆರಾನ ಕ್ಯಾಮೆರಾಮನ್ ಸಮೇತ ಒಂದು ಗಾಜಿನ ಕಿಟಕಿ ಇರೋ ಗೂಡಲ್ಲಿ ಕೂಡಿಹಾಕ್ತಿದ್ರು, ಒಳಗೆ ಬೆವರು ಕಿತ್ಕೊಂಡು ಬರೋದು. ಹಂಗೆ ಗೂಡಲ್ಲಿರೋ ಕ್ಯಾಮೆರಾ ಇಟ್ಕೊಂಡು ಕುದುರೆ ಹಿಂದೆ ಓಡೋದು ಎಲ್ಲಿಂದ? ಹೊರಗಡೆ ಗಾಳಿ, ಧೂಳು, ಯಾವುದೋ ವಿಮಾನ. ಎಂಜಿಎಂ ಸ್ಟುಡಿಯೋ ತನ್ನ ಕೌಬಾಯ್ ಸ್ಟಾರ್ ಟಿಮ್ ಮೆಕಾಯ್‌ನ ಬಿಟ್ಟೇಬಿಡ್ತು, ಫಾಕ್ಸ್ ಅಷ್ಟು ವರ್ಷ ದುಡ್ಡು ತಂದುಕೊಟ್ಟ ಟಾಮ್ ಮಿಕ್ಸ್‌ನ ಕಳಿಸಿಬಿಡ್ತು.

ಆದ್ರೆ ಅದೇ ಫಾಕ್ಸ್ 1928ರ ಕೊನೇಲಿ ‘ಇನ್ ಓಲ್ಡ್ ಅರಿಝೋನಾ’ ತಂದು ಹೊರಗಡೇನೂ ಸೌಂಡ್ ರೆಕಾರ್ಡ್ ಮಾಡಬಹುದು ಅಂತ ತೋರಿಸ್ತು, ಬಾಣಲೇಲಿ ಮಾಂಸ ಚುರ್ ಅನ್ನೋದು ಕೇಳಿಸಿದ್ದಕ್ಕೇ ಜನ ಬೆರಗಾದ್ರು. ಅದರ ಹೀರೋ ವಾರ್ನರ್ ಬ್ಯಾಕ್ಸ್‌ಟರ್‌ಗೆ ಆಸ್ಕರ್ ಬಂತು. ಆ ಪಾತ್ರ ಮೊದಲು ರೌಲ್ ವಾಲ್ಷ್ ತಾನೇ ಮಾಡೋದಿತ್ತು, ಡೈರೆಕ್ಷನ್ನೂ ಅವನದೇ, ಆದ್ರೆ ಲೊಕೇಶನ್ ಹತ್ರ ರಾತ್ರಿ ಕಾರಲ್ಲಿ ಬರ್ತಿರೋವಾಗ ಒಂದು ಕಾಡು ಮೊಲ ಮುಂದಿನ ಗಾಜು ಒಡ್ಕೊಂಡು ಒಳಗೆ ಬಂದು ಬಿತ್ತು, ವಾಲ್ಷ್ ಬಲಗಣ್ಣೇ ಹೋಯ್ತು. ಈ ಮನುಷ್ಯನೇ ಒಂದೂವರೆ ವರ್ಷ ಆದ್ಮೇಲೆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಕೊಂಡು ‘ಬಿಗ್ ಟ್ರೈಲ್’ ತೆಗೆದಿದ್ದು.

1933ರ ಹೊತ್ತಿಗೆ ಗೂಡು ಹೋಗಿ ಕ್ಯಾಮೆರಾಗೆ ಸದ್ದು ಅಡಗಿಸೋ ಹೊದಿಕೆ ಬಂದಿತ್ತು, ಮೈಕ್ ಕೋಲಿಗೆ ಕಟ್ಟಿ ಮೇಲಿಂದ ಇಳಿಬಿಡೋದೂ ಬಂದಿತ್ತು, ಆದ್ರೂ ಹೊರಗಡೆ ರೆಕಾರ್ಡಿಂಗ್ ಅಂದ್ರೆ ಹೊತ್ತು ಹಿಡಿಯೋ ಕೆಲಸ, ಸೌಂಡ್ ಸಾಮಾನಿನ ಬಾಡಿಗೆ ಬೇರೆ. ಬ್ರಾಡ್‌ಬರಿ ಮೂಕಿ ಕಾಲದಿಂದ ಡೈರೆಕ್ಟ್ ಮಾಡ್ಕೊಂಡು ಬಂದೋನು, ಅವನ ಉಪಾಯ ಸಿಂಪಲ್. ಮಾತಿರೋ ಸೀನ್ ಎಷ್ಟು ಬೇಕೋ ಅಷ್ಟು, ಎಲ್ಲರೂ ಒಂದು ಕಡೆ ನಿಂತ್ಕೊಳ್ಳಿ, ಮೈಕ್ ಹತ್ರ ಇರ್ಲಿ, ಹೇಳಿ ಮುಗ್ಸಿ. ಉಳಿದಿದ್ದೆಲ್ಲ ಮೂಕಿ ಸಿನಿಮಾ ತರಾನೇ. ಕ್ಯಾಮೆರಾನ ಕಾರಿಗೆ ಕಟ್ಟು, ಕುದುರೆ ಜೊತೆ ಓಡಿಸು, ಸೌಂಡಿನ ಗೊಡವೆನೇ ಬೇಡ, ಗೊರಸಿನ ಸದ್ದು ಗುಂಡಿನ ಸದ್ದು ಆಮೇಲೆ ಹಾಕ್ಕೊಂಡ್ರಾಯ್ತು. ಇದನ್ನ ತಲೇಲಿಟ್ಕೊಂಡು ಸಿನಿಮಾ ನೋಡಿ, ಕುದುರೆ ಮೇಲಿಂದಾನೇ ಉದ್ದುದ್ದ ಮಾತಾಡೋದು ಅಪರೂಪ, ಬರ್ತಾರೆ, ನಿಲ್ತಾರೆ, ಇಳೀತಾರೆ, ಆಮೇಲೆ ಮಾತು. ಮಾತಿಗೆ ಗಂಟೆಗಟ್ಟಲೆ ಹಿಡಿಯೋ ಜಾಗದಲ್ಲಿ ಓಟಕ್ಕೆ ಅರ್ಧ ಗಂಟೆ ಸಾಕು, ಓಟ ಸಿನಿಮಾದ ಉದ್ದಾನೂ ತುಂಬ್ಸತ್ತೆ, ಹುಡುಗರಿಗೂ ಅದೇ ಬೇಕು. ಆ ಮುಗಿಯದ ದೌಡಿಗೆ ಕಾರಣ ಇದು.

ನನ್ನ ಪ್ರಕಾರ ಇದನ್ನ ಟಾಕಿ ಅಂತ ನೋಡಿದ್ರೆ ಬೇಜಾರಾಗತ್ತೆ, ಮಧ್ಯೆ ಮಧ್ಯೆ ಮಾತು ಬರೋ ಮೂಕಿ ಅಂತ ನೋಡಿದ್ರೆ ಎಷ್ಟೋ ಸೊಗಸಾಗಿ ಕಾಣತ್ತೆ. ಕ್ಯಾಮೆರಾಮನ್ ಆರ್ಚಿ ಸ್ಟೌಟ್, ಸಾಧಾರಣ ಆಸಾಮಿ ಅಲ್ಲ, 1952ರ ‘ದ ಕ್ವಯಟ್ ಮ್ಯಾನ್’ಗೆ ವಿಂಟನ್ ಹೋಕ್ ಜೊತೆ ಆಸ್ಕರ್ ತಗೊಂಡೋನು. ಬಂಡೆ ನೆರಳು, ಎದ್ದ ಧೂಳಿನ ಮೇಲೆ ಬೀಳೋ ಬಿಸಿಲು, ಇದಕ್ಕೆಲ್ಲ ದುಡ್ಡು ಕೊಡಬೇಕಾಗಿಲ್ಲ ಅಲ್ವಾ, ಅವನು ಅದನ್ನೆಲ್ಲ ಚೆನ್ನಾಗಿ ಬಳಸ್ಕೊಂಡಿದ್ದಾನೆ. ಲಾಸ್ ಏಂಜಲೀಸ್‌ಗೆ ಉತ್ತರಕ್ಕೆ ನ್ಯೂಹಾಲ್ ಸುತ್ತಮುತ್ತ ಈ ಕಂಪನಿಗಳ ಶೂಟಿಂಗ್ ನಡೀತಿತ್ತು, ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರೋ ದೂರ, ಲಾಡ್ಜ್ ಖರ್ಚು ಉಳೀತು. ಲೈಟಿನ ಖರ್ಚಿಲ್ಲ, ಸೆಟ್ಟಿನ ಖರ್ಚಿಲ್ಲ. ಬಿಸಿಲಿರೋವರೆಗೂ ಕೆಲಸ.

ಸ್ಟೇಜ್‌ಕೋಚಲ್ಲಿ ಕೂತಿರೋ ಎರಡು ಕೋಡಂಗಿಗಳನ್ನ ಗಮನಿಸಿ, ಒಬ್ಬ ಆಲ್ ಸೇಂಟ್ ಜಾನ್, ಇನ್ನೊಬ್ಬ ಹೈನಿ ಕಾಂಕ್ಲಿನ್. ಇಬ್ಬರೂ ಮೂಕಿ ಕಾಲದ ಕಾಮಿಡಿಯನ್ನರು, ಕೀಸ್ಟೋನ್ ಕಂಪನಿಯ ಕಾಮಿಡಿ ಸಿನಿಮಾಗಳಲ್ಲಿ ಬಿದ್ದು ಎದ್ದು ನಗಿಸ್ತಿದ್ದೋರು. ಟಾಕಿ ಬಂದ್ಮೇಲೆ ಅಂಥೋರಿಗೆ ದೊಡ್ಡ ಕಡೆ ಕೆಲಸ ಕಮ್ಮಿ ಆಯ್ತು, ಇಲ್ಲಿ ಬಂದ್ರು. ಬಡವರ ಬೀದೀಲಿ ಇದೊಂದು ಅನುಕೂಲ, ಒಳ್ಳೇ ಕಸುಬಿನೋರು ಅಗ್ಗಕ್ಕೆ ಸಿಗ್ತಿದ್ರು. ಫೇ ಅಪ್ಪನಾಗಿ ಮಾಡಿರೋ ಜಾರ್ಜ್ ಹೇಯ್ಸ್ ಮುಂದೆ ಗ್ಯಾಬಿ ಹೇಯ್ಸ್ ಅಂತ ಬೊಚ್ಚುಬಾಯಿ ಗಡ್ಡದ ತಾತನಾಗಿ ಅಮೆರಿಕಾಗೆಲ್ಲ ಫೇಮಸ್ ಆದ. ಫೇ ಆಗಿರೋ ಸಿಸಿಲಿಯಾ ಪಾರ್ಕರ್ ಎಂಜಿಎಂನ ಆಂಡಿ ಹಾರ್ಡಿ ಅನ್ನೋ ಹುಡುಗನ ಸಿನಿಮಾಗಳಲ್ಲಿ ಅವನ ಅಕ್ಕನ ಪಾತ್ರಕ್ಕೆ ಹೋದಳು.

ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಯಾಕಿಲ್ಲ ಅಂದ್ರೆ ಅದೂ ಇದೇ ಲೆಕ್ಕ. ಮೂಕಿ ಕಾಲದಲ್ಲಿ ಥಿಯೇಟರಲ್ಲೇ ಪಿಯಾನೋನೋ ಆರ್ಗನ್ನೋ ಬಾರಿಸೋರು ಇರ್ತಿದ್ರು, ಅದರ ಖರ್ಚು ಥಿಯೇಟರಿನವರದ್ದು. ಟಾಕಿ ಬಂದ್ಮೇಲೆ ಅವರನ್ನೆಲ್ಲ ಮನೆಗೆ ಕಳಿಸಿದ್ರು, ಇನ್ಮೇಲೆ ಮ್ಯೂಸಿಕ್ ಬೇಕಂದ್ರೆ ಪ್ರೊಡ್ಯೂಸರೇ ಕೊಡಬೇಕು. ಮಾತಿನ ಟ್ರ್ಯಾಕ್ ಮೇಲೆ ಮ್ಯೂಸಿಕ್ ಟ್ರ್ಯಾಕ್ ಸೇರ್ಸೋಕೆ ಮತ್ತೆ ರೆಕಾರ್ಡ್ ಮಾಡ್ಬೇಕು, ಮೊದಮೊದಲು ಹಾಗೆ ಮಾಡಿದ್ರೆ ಸೌಂಡ್ ಕೆಡ್ತಿತ್ತು, ಆಮೇಲೆ ಟೆಕ್ನಿಕ್ ಸುಧಾರಿಸ್ತು, ‘ಕಿಂಗ್ ಕಾಂಗ್’ಗೆ ಮ್ಯಾಕ್ಸ್ ಸ್ಟೈನರ್ ದೊಡ್ಡ ಆರ್ಕೆಸ್ಟ್ರಾ ಇಟ್ಟು ಮ್ಯೂಸಿಕ್ ಮಾಡಿದ್ದೂ ಅದೇ 1933ರಲ್ಲೇ. ಅಂದ್ರೆ ಆಗಲ್ಲ ಅಂತಲ್ಲ. ದುಡ್ಡಿಲ್ಲ.

ಅದೇ ಆ ನಿಶ್ಶಬ್ದಾನೇ ಒಂದು ಕಡೆ ಈ ಸಿನಿಮಾನ ಎತ್ತಿಬಿಡತ್ತೆ. ಬಾಡಿಗೆ ಬಂದೂಕುಗಾರ ಸ್ಲಿಪ್ ಮಾರ್ಗನ್ ಜೊತೆ ಮುಖಾಮುಖಿ. ಅರ್ಲ್ ಡ್ವೈರ್ ಅಂತ ಒಣಕಲು ಮುಖದ ನಟ ಮಾಡಿದ್ದಾನೆ. ಊರ ಬೀದಿ ಖಾಲಿ. ಸ್ಯಾಂಡಿ ಆ ಕಡೆಯಿಂದ ನಿಧಾನಕ್ಕೆ ನಡ್ಕೊಂಡು ಬರ್ತಾನೆ, ಕೈ ಗನ್ ಹತ್ರ, ಬಾಯಲ್ಲಿ ಹಾಡು, ಅದೂ ಪ್ರೇಮಗೀತೆ ಅಲ್ಲ, ರಕ್ತ ಹರಿಯತ್ತೆ ಸಾವು ಬರತ್ತೆ ಅನ್ನೋ ಅರ್ಥದ ಹಾಡು, ವಾದ್ಯ ಒಂದೂ ಇಲ್ಲ, ಬರೀ ದಪ್ಪ ಗಂಟಲು. ಮ್ಯೂಸಿಕ್ ಇದ್ದಿದ್ರೆ ಅಷ್ಟು ವಿಚಿತ್ರವಾಗಿ ಇರ್ತಿರಲಿಲ್ಲ. ಎದುರಿಗಿರೋನ ಮುಖ ಇಳಿಯತ್ತೆ, ಇವನು ಹಾಡ್ತಾನೇ ಬರ್ತಾನೆ. ಗುಂಡು ಹಾರತ್ತೆ, ಸ್ಯಾಂಡಿ ಅವನನ್ನ ಕೊಲ್ಲಲ್ಲ, ಮತ್ತೆ ಗನ್ ಎಳೆಯೋಕೆ ಆಗದ ಹಾಗೆ ಎರಡೂ ಮಣಿಕಟ್ಟಿಗೆ ಹೊಡೀತಾನೆ. ಮಕ್ಕಳ ಶನಿವಾರದ ಸಿನಿಮಾಗೆ ಸ್ವಲ್ಪ ಜಾಸ್ತಿನೇ ಕ್ರೂರ ಇದು, ನನಗಂತೂ ಇಡೀ ಸಿನಿಮಾದಲ್ಲಿ ಮರೆಯೋಕಾಗದೇ ಇರೋ ಸೀನ್ ಇದೊಂದೇ.

ತಮಾಷೆ ಅಂದ್ರೆ ಆ ಗಂಟಲು ವೇನ್‌ದಲ್ಲ. ಅವನಿಗೆ ಹಾಡೋಕೂ ಬರಲ್ಲ, ಗಿಟಾರೂ ಬರಲ್ಲ, ಕುದುರೆ ಮೇಲೆ ಕೂತು ತಂತಿ ಮೇಲೆ ಕೈಯಾಡಿಸ್ತಾನೆ ಬೆರಳಿಗೂ ರಾಗಕ್ಕೂ ಸಂಬಂಧ ಇಲ್ಲ. ಬಾಯಿ ಬಿಟ್ಟು ಮಾತಾಡಿದ್ರೆ ಒಂದು ದನಿ, ಹಾಡಿದ್ರೆ ಇನ್ನೊಂದು ದನಿ. ಹಾಡಿದ್ದು ಡೈರೆಕ್ಟರ್ ಮಗ ಬಿಲ್ ಬ್ರಾಡ್‌ಬರಿ ಅಂತ ಹೆಚ್ಚಿನೋರು ಹೇಳ್ತಾರೆ. ಪಿ.ಬಿ. ಶ್ರೀನಿವಾಸ್ ದನೀಲಿ ರಾಜ್‌ಕುಮಾರ್ ಹಾಡೋದನ್ನ ಅಷ್ಟು ವರ್ಷ ಒಪ್ಕೊಂಡಿರೋ ನಮಗೆ ಇದೇನು ದೊಡ್ಡ ವಿಷಯ ಅಲ್ಲ, ಆದ್ರೆ ಅಲ್ಲಿ ಹಾಗಲ್ಲ, ಹಾಡೋನು ಅಂದ್ರೆ ಅವನೇ ಹಾಡ್ಬೇಕು. ವೇನ್ ಊರೂರಿಗೆ ಹೋದಾಗ ಹುಡುಗರೆಲ್ಲ ಹಾಡು ಹಾಡು ಅಂತ ಪೀಡಿಸೋರಂತೆ, ಇವನಿಗೆ ನಾಚ್ಕೆ ಆಗೋದಂತೆ, ನನ್ನ ಕೈಲಾಗಲ್ಲ, ಹಾಡೋಕೆ ಬರೋನನ್ನ ಕರ್ಕೊಂಡು ಬನ್ನಿ ಅಂತ ಹೇಳಿದೆ ಅಂತ ಆಮೇಲೆ ತಾನೇ ಹೇಳ್ಕೋತಿದ್ದ. ಹಾಡುವ ಸ್ಯಾಂಡಿ ಅಲ್ಲಿಗೆ ನಿಂತ, 1935ರಲ್ಲಿ ಜೀನ್ ಆಟ್ರಿ ‘ಟಂಬ್ಲಿಂಗ್ ಟಂಬಲ್‌ವೀಡ್ಸ್’ನಲ್ಲಿ ಹೀರೋ ಆಗಿ ಬಂದ, ನಿಜವಾಗ್ಲೂ ಹಾಡೋನು, ರೇಡಿಯೋ ಸ್ಟಾರ್, ಹಾಡೋ ಕೌಬಾಯ್ ಅನ್ನೋ ಜಾತಿನೇ ಹುಟ್ಕೊಳ್ತು. ಹಾಗಂತ ಅದನ್ನ ಶುರು ಮಾಡಿದ್ದು ವೇನ್ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, 1929ರಲ್ಲೇ ಕೆನ್ ಮೇನಾರ್ಡ್ ಅನ್ನೋ ಕೌಬಾಯ್ ಸ್ಟಾರ್ ‘ದ ವ್ಯಾಗನ್ ಮಾಸ್ಟರ್’ನಲ್ಲಿ ಹಾಡಿದ್ದ.

ಮೇನಾರ್ಡ್ ಅಂದಾಗ ಇನ್ನೊಂದು ಹೇಳಲೇಬೇಕು. ಲೋನ್ ಸ್ಟಾರ್‌ಗೆ ಬರೋ ಮುಂಚೆ 1932-33ರಲ್ಲಿ ವೇನ್ ವಾರ್ನರ್ ಬ್ರದರ್ಸ್‌ಗೆ ಆರು ಅಗ್ಗದ ವೆಸ್ಟರ್ನ್ ಮಾಡಿದ್ದ. ಆ ಕಂಪನಿ ಹತ್ರ ಮೇನಾರ್ಡ್‌ನ ಮೂಕಿ ಸಿನಿಮಾಗಳ ರೀಲು ರಾಶಿ ಬಿದ್ದಿತ್ತು, ಕುದುರೆ ಸಾಹಸ ಎಲ್ಲ ಭರ್ಜರಿಯಾಗಿ ದುಡ್ಡು ಸುರಿದು ತೆಗೆದಿದ್ದು. ಸರಿ, ವೇನ್‌ಗೆ ಮೇನಾರ್ಡ್ ತರಾನೇ ಡ್ರೆಸ್ ಹಾಕ್ಸಿದ್ರು, ಮೇನಾರ್ಡ್‌ನ ಟಾರ್ಜನ್ ಅನ್ನೋ ಕುದುರೆಗೆ ಹೋಲೋ ಬಿಳಿ ಕುದುರೆ ಕೊಟ್ರು, ಅದಕ್ಕೆ ಡ್ಯೂಕ್ ಅಂತ ಹೆಸರಿಟ್ರು, ದೂರದ ಶಾಟಲ್ಲಿ ಮೇನಾರ್ಡ್ ಹತ್ತಿರದ ಶಾಟಲ್ಲಿ ವೇನ್. ಅರ್ಧ ಸಿನಿಮಾ ಶೂಟ್ ಮಾಡದೇನೇ ಆಯ್ತು.

ಲೋನ್ ಸ್ಟಾರ್ ಹತ್ರ ಅಂಥ ರೀಲಿನ ರಾಶಿ ಇರಲಿಲ್ಲ, ಆದ್ರೆ ಯಾಕಿಮಾ ಕನಟ್ ಇದ್ದ. 1895ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದೋನು, ರೋಡಿಯೋ (ಕೌಬಾಯ್‌ಗಳ ಸವಾರಿ ಪಂದ್ಯ) ಚಾಂಪಿಯನ್, ಮೂಕಿ ಕಾಲದಲ್ಲಿ ಹೀರೋ ಆಗಿದ್ದ, ದನಿ ಸರಿ ಇಲ್ಲ ಅಂತ ಟಾಕಿ ಬಂದ್ಮೇಲೆ ಸ್ಟಂಟ್ ಕಡೆ ತಿರುಗಿದ. ಲೋನ್ ಸ್ಟಾರ್ ಸಿನಿಮಾಗಳಲ್ಲಿ ವಿಲನ್ ಗ್ಯಾಂಗಲ್ಲಿ ಒಬ್ಬ ಕನಟ್, ವೇನ್‌ಗೆ ಡೂಪೂ ಕನಟ್ಟೇ, ಹೀಗಾಗಿ ಕೆಲವು ಸಲ ದೂರದ ಶಾಟಲ್ಲಿ ಹೀರೋ ಬಟ್ಟೇಲಿ ಕನಟ್ ಓಡ್ತಿರ್ತಾನೆ, ಹತ್ತಿರದ ಶಾಟಲ್ಲಿ ಅಟ್ಟಿಸ್ಕೊಂಡು ಬರೋ ವಿಲನ್ನೂ ಕನಟ್. ಒಂದು ಸಂಬಳಕ್ಕೆ ಎರಡು ಕೆಲಸ. ಓಡೋ ಕುದುರೆಗಾಡಿಗೆ ನೆಗೆಯೋದು, ಕುದುರೆಗಳ ಮಧ್ಯೆ ಬಿದ್ದು ಗಾಡಿ ಅಡಿಯಿಂದ ಹಾದು ಹೋಗೋದು, ಇಂಥವನ್ನೆಲ್ಲ ಇವನು ಈ ಅಗ್ಗದ ಸಿನಿಮಾಗಳಲ್ಲೇ ಮಾಡಿ ಮಾಡಿ ಪಳಗಿದ್ದು, 1939ರಲ್ಲಿ ಜಾನ್ ಫೋರ್ಡ್‌ನ ‘ಸ್ಟೇಜ್‌ಕೋಚ್’ನಲ್ಲಿ ಜಗತ್ತು ನೋಡಿ ಬಾಯಿಬಿಟ್ಟಿದ್ದು ಅದನ್ನೇ. 1959ರ ‘ಬೆನ್ ಹರ್’ ರಥದ ಓಟದ ಹಿಂದೆ ಇದ್ದಿದ್ದೂ ಇವನೇ. ಆಮೇಲೆ ಸ್ಟಂಟ್ ಕೆಲಸಕ್ಕೆ ಗೌರವ ಆಸ್ಕರ್ ಕೊಟ್ರು.

ಫೈಟಿಂಗ್ ವಿಷಯದಲ್ಲೂ ಇವರದ್ದೊಂದು ಕೊಡುಗೆ ಇದೆ. ಅದಕ್ಕೂ ಮುಂಚೆ ಸಿನಿಮಾ ಹೊಡೆದಾಟ ಅಂದ್ರೆ ಭುಜಕ್ಕೆ ತೋಳಿಗೆ ನಿಜವಾಗ್ಲೂ ಗುದ್ದೋದು, ನೋವೂ ಆಗೋದು, ತೆರೆ ಮೇಲೆ ಸಪ್ಪೇನೂ ಕಾಣೋದು. ಕ್ಯಾಮೆರಾನ ಒಬ್ಬನ ಭುಜದ ಹಿಂದೆ ಇಟ್ಟು ಮುಷ್ಟಿ ಎದುರಿನೋನ ಮುಖದ ಮುಂದೆ ಹಾದು ಹೋಗೋ ಹಾಗೆ ಬೀಸಿದ್ರೆ, ಅವನು ಸರಿಯಾದ ಹೊತ್ತಿಗೆ ತಲೆ ತಿರುಗಿಸಿದ್ರೆ, ಬಿದ್ದ ಹಾಗೇ ಕಾಣತ್ತೆ, ಮಧ್ಯೆ ಒಂದು ಗೇಣು ಜಾಗ ಇದ್ರೂ ಗೊತ್ತಾಗಲ್ಲ. ಈ ವರಸೆ ರೂಢಿಗೆ ತಂದ ಹೆಗ್ಗಳಿಕೆ ವೇನ್, ಕನಟ್, ಬ್ರಾಡ್‌ಬರಿ ಮೂರು ಜನಕ್ಕೆ ಸಾಮಾನ್ಯವಾಗಿ ಕೊಡ್ತಾರೆ. ನಟ ಮೂಗು ಮುರ್ಕೊಂಡ್ರೆ ಐದು ದಿನದ ಶೂಟಿಂಗ್ ನಿಂತುಹೋಗತ್ತೆ ನೋಡಿ, ಇಲ್ಲೂ ಖರ್ಚಿನ ಲೆಕ್ಕಾನೇ ಇರ್ಬೇಕು ಅನ್ನೋದು ನನ್ನ ಗುಮಾನಿ.

ಕುದುರೆಗಳ ಪಾಡು ಮಾತ್ರ ಹಾಗಿರಲಿಲ್ಲ. ರನ್ನಿಂಗ್ ಡಬ್ಲ್ಯೂ ಅಂತ ಒಂದು ಏರ್ಪಾಡು, ಕುದುರೆಯ ಮುಂಗಾಲಿಗೆ ಕಟ್ಟಿದ ತಂತಿಯ ಇನ್ನೊಂದು ತುದಿ ನೆಲದಲ್ಲಿ ಹೂತ ಗೂಟಕ್ಕೆ, ಓಡ್ತಾ ಓಡ್ತಾ ತಂತಿ ಬಿಗಿಯಾದ ಕೂಡ್ಲೇ ಕುದುರೆ ಮುಖ ಅಡಿಯಾಗಿ ಬೀಳತ್ತೆ. ಕನಟ್ಟೂ ಇದನ್ನ ಬಳಸ್ತಿದ್ದೋನೇ. 1939ರ ‘ಜೆಸ್ಸಿ ಜೇಮ್ಸ್’ನಲ್ಲಿ ಎತ್ತರದಿಂದ ನೀರಿಗೆ ಕೆಡವಿದ ಕುದುರೆ ಸತ್ತು ದೊಡ್ಡ ಗಲಾಟೆ ಆದ್ಮೇಲೇನೇ ಅಮೆರಿಕನ್ ಹ್ಯೂಮೇನ್ ಅನ್ನೋ ಪ್ರಾಣಿದಯಾ ಸಂಸ್ಥೆಯವರು ಶೂಟಿಂಗ್ ಜಾಗಕ್ಕೆ ಬಂದು ನೋಡೋಕೆ ಶುರು ಮಾಡಿದ್ದು. ಹಳೇ ವೆಸ್ಟರ್ನಲ್ಲಿ ಕುದುರೆ ಬಿದ್ದಿದ್ದು ನೋಡಿ ವಾವ್ ಅನ್ನೋ ಮುಂಚೆ ಇದು ಗೊತ್ತಿರ್ಲಿ.

ನೀರಿನ ಜಗಳದ ಕಥೆ ಎಲ್ಲಿಂದ ಬಂತು ಅನ್ನೋದಕ್ಕೆ ಕ್ಯಾಲಿಫೋರ್ನಿಯಾ ಜನಕ್ಕೆ ಹೊಸದಾಗಿ ಏನೂ ಹೇಳ್ಬೇಕಾಗಿರಲಿಲ್ಲ. ಲಾಸ್ ಏಂಜಲೀಸ್ ನಗರ ಓವೆನ್ಸ್ ಕಣಿವೆಯ ಜಮೀನು, ನೀರಿನ ಹಕ್ಕು ಎಲ್ಲ ಸದ್ದಿಲ್ಲದೆ ಕೊಂಡ್ಕೊಂಡು 1913ರಲ್ಲಿ 233 ಮೈಲಿ ಕಾಲುವೆ ಹಾಕಿ ನೀರು ಎಳ್ಕೊಂಡಿತ್ತು, ಅದರ ಹಿಂದಿದ್ದ ಇಂಜಿನಿಯರ್ ವಿಲಿಯಂ ಮುಲ್‌ಹಾಲಂಡ್. ಕಣಿವೆಯ ರೈತರು ಒಣಗಿಹೋದ್ರು, 1924ರಲ್ಲಿ, ಮತ್ತೆ 1927ರಲ್ಲಿ ಆ ಕಾಲುವೆಗೆ ಡೈನಮೈಟ್ ಇಟ್ರು. 1928ರ ಮಾರ್ಚಲ್ಲಿ ಅದೇ ಮುಲ್‌ಹಾಲಂಡ್ ಕಟ್ಟಿಸಿದ್ದ ಸೇಂಟ್ ಫ್ರಾನ್ಸಿಸ್ ಡ್ಯಾಂ ರಾತ್ರಿ ಒಡೆದು 400ಕ್ಕೂ ಜಾಸ್ತಿ ಜನ ಕೊಚ್ಕೊಂಡು ಹೋದ್ರು, ಆ ಡ್ಯಾಂ ಇದ್ದಿದ್ದು ನ್ಯೂಹಾಲಿನಿಂದ ಸ್ವಲ್ಪವೇ ದೂರ, ಅಂದ್ರೆ ಈ ಕೌಬಾಯ್‌ಗಳೆಲ್ಲ ಕುದುರೆ ಓಡಿಸ್ತಿದ್ದ ಸೀಮೇಲೇ. ಸಿನಿಮಾದಲ್ಲಿ ಇದ್ಯಾವುದರ ಹೆಸರೂ ಬರಲ್ಲ, ಬ್ರಾಡ್‌ಬರಿ ಇದನ್ನ ಮನಸ್ಸಲ್ಲಿಟ್ಕೊಂಡೇ ಬರೆದ ಅಂತ ನಾನು ಹೇಳಲ್ಲ, ಆದ್ರೆ ನೀರು ಹಿಡಿದಿಟ್ಕೊಂಡ ದೊಡ್ಡ ಕುಳ, ಒಣಗಿದ ರೈತ, ಡೈನಮೈಟ್, ಇದನ್ನ ನೋಡ್ತಿದ್ದೋರಿಗೆ ಏನು ನೆನಪಾಗಿರತ್ತೆ ಅಂತ ಊಹಿಸೋದು ಕಷ್ಟ ಅಲ್ಲ. 1933 ಅಂದ್ರೆ ಬ್ಯಾಂಕುಗಳು ರೈತರ ಜಮೀನು ಜಪ್ತಿ ಮಾಡ್ತಿದ್ದ ವರ್ಷ ಬೇರೆ, ಮಾರ್ಚಲ್ಲಿ ರೂಸ್‌ವೆಲ್ಟ್ ಹೊಸ ಅಧ್ಯಕ್ಷನಾಗಿ ಬಂದಿದ್ದ, ಅಂಥ ಹೊತ್ತಲ್ಲಿ ವಾಷಿಂಗ್ಟನ್ನಿಂದ ಒಬ್ಬ ಬಂದು ಸಾಹುಕಾರನ ಮಟ್ಟ ಹಾಕ್ತಾನೆ ಅನ್ನೋ ಕಥೆಗೆ ಹಳ್ಳಿ ಥಿಯೇಟರಲ್ಲಿ ಶಿಳ್ಳೆ ಬೀಳದೇ ಇರತ್ತಾ.

ಕಂಪನಿ ಏನಾಯ್ತು ಅಂದ್ರೆ, 1935ರಲ್ಲಿ ಹರ್ಬರ್ಟ್ ಯೇಟ್ಸ್ ಅನ್ನೋನು ಮೊನೊಗ್ರಾಮ್, ಮ್ಯಾಸ್ಕಾಟ್ ಇನ್ನೂ ಕೆಲವು ಸಣ್ಣ ಕಂಪನಿ ಸೇರಿಸಿ ರಿಪಬ್ಲಿಕ್ ಪಿಕ್ಚರ್ಸ್ ಮಾಡಿದ. ಅವನದ್ದು ಫಿಲ್ಮ್ ತೊಳೆಯೋ ಲ್ಯಾಬು, ಈ ಸಣ್ಣ ಕಂಪನಿಗಳೆಲ್ಲ ಅವನ ಹತ್ರ ಸಾಲದಲ್ಲಿ ಮುಳುಗಿದ್ವು, ಸೇರಿ ಅಂದ, ಸೇರಿದ್ರು. ವೇನ್ ‘ಸ್ಟೇಜ್‌ಕೋಚ್’ ಬರೋವರೆಗೂ ಅಗ್ಗದ ಸಿನಿಮಾಗಳಲ್ಲೇ ಇದ್ದ.

ಇವತ್ತು ಇದು ಪುಕ್ಕಟೆ ಸಿಗೋದಕ್ಕೆ ಕಾರಣಾನೂ ಆ ಚಿಲ್ಲರೆ ಲೆಕ್ಕಾನೇ. ಆಗಿನ ಅಮೆರಿಕಾ ಕಾನೂನಲ್ಲಿ ಕಾಪಿರೈಟ್ 28 ವರ್ಷ, ಆಮೇಲೆ ಅರ್ಜಿ ಹಾಕಿ ನವೀಕರಿಸ್ಬೇಕು. 1933ಕ್ಕೆ 28 ಸೇರಿಸಿದ್ರೆ 1961, ಅಷ್ಟೊತ್ತಿಗೆ ಈ ತುಂಡು ಸಿನಿಮಾಗೆ ಯಾರು ಅರ್ಜಿ ಹಾಕ್ತಾರೆ ಅಂತ ಬಿಟ್ಟುಬಿಟ್ರು. ಹಾಗಾಗಿ ಯಾರು ಬೇಕಾದ್ರೂ ಹಾಕಬಹುದು, ಎಲ್ಲರೂ ಹಾಕಿದ್ದಾರೆ, ಬಣ್ಣ ಬಳಿದಿರೋದೂ ಇದೆ, 80ರ ದಶಕದಲ್ಲಿ ಕೀಬೋರ್ಡಿನ ಟಿಂವ್ ಟಿಂವ್ ಮ್ಯೂಸಿಕ್ ತುಂಬಿಸಿ ಬಿಟ್ಟಿರೋದೂ ಇದೆ. ನೋಡೋದಾದ್ರೆ ಅವೆರಡನ್ನ ಬಿಟ್ಟು ಕಪ್ಪು ಬಿಳುಪಿನ ಮ್ಯೂಸಿಕ್ ಇಲ್ಲದ ಪ್ರಿಂಟೇ ಹುಡುಕಿ, ಒಂದೆರಡು ಕಡೆ ಕುಯ್ಯೋ ಅಂತ ಸೌಂಡ್ ಕೊರೆಯತ್ತೆ, ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಇಟ್ಕೊಳ್ಳಿ.